ಅಂಜುವುದನ್ನು ಕಲಿಸುವ ಮಾಸ್ತರ

ಬಾಗಿಲ ಹಿಂದಿನ ಮೊಳೆಗೆ ನನ್ನ ಛತ್ರಿ ತೂಗುಬಿದ್ದಿದೆ. ಮೂರು ಮಡಿಕೆಯ ಕಪ್ಪು ಛತ್ರಿ. ಒದ್ದೆ ಇದ್ದಾಗಲೇ ಮಡಚಿ ಗುಂಡಿ ಹಾಕಿದ್ದರಿಂದ ಅದರ ಸುತ್ತ ಮುಗ್ಗಲು ವಾಸನೆ. ತಿಂಗಳಾಯಿತು, ಬಿಚ್ಚಿಲ್ಲ. ಇಂಥ ಮಳೆಯಲ್ಲಿ ಕ್ಯಾಂಪ್ ಬಡಾವಣೆಯ ಈ ಬಾಡಿಗೆ ಖೋಲಿಯಿಂದ ನಾನು ಕೆಲಸ ಮಾಡುವ ಕಾಲೇಜಿನ ಗ್ರಂಥಾಲಯಕ್ಕೆ ತೊಯ್ದುಕೊಂಡೇ ಹೋಗುತ್ತೇನೆ. ಪುಸ್ತಕ ಒದ್ದೆ ಮಾಡಬೇಡಿ ಎಂದು ಹುಡುಗರಿಗೆ ಗದರಿಸಬೇಕಾದವನ ತಲೆಯಿಂದಲೇ ನೀರು ತೊಟ್ಟಿಕ್ಕುತ್ತಿರುತ್ತದೆ.

ಛತ್ರಿಯ ಮೇಲೆ ಸಿಟ್ಟೇನಿಲ್ಲ. ಕಳೆದ ತಿಂಗಳು, ಹಳ್ಳದ ಕಡೆಗೆ ವಾಲಿ ನಿಂತ ಒಂದು ಬಸ್ಸಿನೊಳಗೆ ಅದನ್ನು ಮಡಚುತ್ತ ನಾನು ದಾರಿಗೆ ಅಡ್ಡ ನಿಂತಿದ್ದೆ, ನನ್ನ ಹಿಂದೆ ಏಳೆಂಟು ಜನ ಇದ್ದರು. ಅದು ಅಂಜಿಕೆಯೋ, ಅಥವಾ ಮಂದಿಯ ಜೀವದ ಪರಿವೆ ಇಲ್ಲದ ನನ್ನ ಸ್ವಭಾವವೋ ಎಂಬುದು ನನಗಿನ್ನೂ ಇತ್ಯರ್ಥವಾಗಿಲ್ಲ. ಅದನ್ನು ಹೇಳಬೇಕೆಂದರೆ ಮೊದಲು ನನ್ನ ಒಂದು ಚಟದ ಬಗ್ಗೆ ಹೇಳಬೇಕು.

ನಾನು ಕಂಪ್ಯೂಟರಿನಲ್ಲಿ ಒಂದು ಊರಿನಲ್ಲಿದ್ದೇನೆ. ನಗಬೇಡಿ. ಅದು ಆಟ, ಆದರೆ ಗೆಲ್ಲುವುದು ಸೋಲುವುದು ಇಲ್ಲದ ಆಟ. ಎಲ್ಲೆಲ್ಲೋ ಕುಳಿತ ಎಂಬತ್ತು ತೊಂಬತ್ತು ಜನ ಒಂದೇ ಪರದೆಯ ಊರಿಗೆ ಬಂದು ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತೇವೆ. ಒಬ್ಬ ಪಂಚರ್ ಅಂಗಡಿಯವ, ಒಬ್ಬಳು ವಕೀಲೆ. ಮಾತನ್ನು ಬಾಯಲ್ಲೇ ಆಡುತ್ತೇವೆ. ‘ಕುರ್ಚಿ ಎಳೆದುಕೊಂಡ’ ಎಂಬಂಥ ಕ್ರಿಯೆಗಳನ್ನು ಬೆರಳಚ್ಚು ಮಾಡುತ್ತೇವೆ. ಅಲ್ಲಿ ನಾನು ಪೊಲೀಸ್ ಫೌಜದಾರ. ಹುರಿ ಮೀಸೆ, ದಪ್ಪ ದನಿ. ಇಲ್ಲಿ ಮನೆಯ ಮಾಲೀಕರಿಗೆ ನಳ ಸೋರುತ್ತದೆ ಎಂದು ಹೇಳಲು ಮೂರು ವಾರ ತೆಗೆದುಕೊಂಡವನು, ಅಲ್ಲಿ ಇಡೀ ಪೇಟೆಯನ್ನು ನಡುಗಿಸುತ್ತೇನೆ.

ಅಷ್ಟೇ ಅಲ್ಲ, ಹೊಸಬರಿಗೆ ನಾನೇ ಮಾಸ್ತರ. ಪ್ರತಿ ರವಿವಾರ ಮಧ್ಯಾಹ್ನ ಪಾಠ. ಪಾತ್ರದ ಬಾಯಿಂದಲೇ ಮಾತಾಡಬೇಕು, ಎದುರಿನವರ ನಿಜವಾದ ಹೆಸರು ಊರು ಕೇಳಬಾರದು, ಪಾತ್ರ ಬಿಟ್ಟು ಹೊರಗೆ ಬರಬಾರದು. ಇವನ್ನು ಯಾರಾದರೂ ಕಲಿಯುತ್ತಾರೆ. ಕಷ್ಟದ ಪಾಠ ಒಂದೇ, ಅಂಜುವುದು. ಹೊಸಬರಿಗೆ ಅಂಜಿಕೆಯೇ ಇರುವುದಿಲ್ಲ. ಬಂದೂಕು ಹಿಡಿದವನ ಮುಂದೆ ಹಾಡುತ್ತಾರೆ, ನಾಲ್ಕನೇ ಮಜಲಿನಿಂದ ಜಿಗಿಯುತ್ತಾರೆ. ಹೋಗುವುದು ತಮ್ಮ ಜೀವವಲ್ಲವಲ್ಲ. ಪಾತ್ರಕ್ಕೆ ತನ್ನ ಜೀವದ ಮೇಲೆ ಆಸೆ ಇರಬೇಕು ಎಂದು ನಾನು ಹೇಳಿಕೊಡುತ್ತಿದ್ದೆ. ಅದಕ್ಕೊಂದು ಪಟ್ಟಿಯನ್ನೂ ಮಾಡಿದ್ದೆ: ಕೈ ಮೇಲೆತ್ತುವುದು, ಮೊಣಕಾಲು ನಡುಗುವುದು, ಮಾತು ತೊದಲುವುದು, ಹಣೆಯಲ್ಲಿ ಬೆವರು. ಗ್ರಂಥಾಲಯದವನ ಬುದ್ಧಿ, ಅಂಜಿಕೆಗೂ ಕ್ರಮಸಂಖ್ಯೆ ಹಾಕಿದ್ದೆ.

ಒಂದು ರವಿವಾರ ಪಾರವ್ವ ಬಂದರು. ಅದು ಅವರ ಪಾತ್ರದ ಹೆಸರು. ಹೆದ್ದಾರಿ ಬದಿಯ ಚಹಾದಂಗಡಿಯವಳು. ನಿಜದ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ಪರೀಕ್ಷೆಗೆಂದು ನಮ್ಮ ಆಟದ ಕಾಯಂ ದರೋಡೆಕೋರ ಬಂದೂಕು ಹಿಡಿದು ಅಂಗಡಿಗೆ ನುಗ್ಗಿದ.

“ಕೈ ಮ್ಯಾಲೆತ್ತಬೇ,” ಅಂದ.

“ತಡಿಯಪಾ, ಹಾಲು ಉಕ್ಕಾಕತ್ತಾವು,” ಅಂದರು ಪಾರವ್ವ. ಪರದೆಯ ಮೇಲೆ ಅಕ್ಷರ ಮೂಡಿದವು: ‘ಹಾಲು ಇಳಿಸುತ್ತಾಳೆ. ಸಕ್ಕರೆ ಡಬ್ಬಿಯ ಮುಚ್ಚಳ ಒರೆಸಿ ಹಾಕುತ್ತಾಳೆ.’

ನಾನು ಆಟ ನಿಲ್ಲಿಸಿದೆ. “ಪಾರವ್ವಾರ, ಅಂವ ಗುಂಡು ಹೊಡೀತಾನ್ರಿ. ನೀವು ಅಂಜಬೇಕು.”

“ಅಂಜೇನಲ್ರಿ ಸರ.”

“ಎಲ್ಲಿ ಅಂಜೀರಿ? ಹಾಲು ಇಳಸಾಕತ್ತೀರಿ.”

“ಅಂಜಿದ್ದಕ್ಕ ಇಳಸಾಕತ್ತೀನ್ರಿ.”

ನಡುವೆ ದರೋಡೆಕೋರ ಬಾಯಿ ಹಾಕಿದ: “ನಿಮ್ಮದು ಮುಗಿಯೂತನಾ ನಾ ಹಿಂಗ ನಿಂದರ್ಲೇನ್ರಿ? ಒಂದ್ ಕಪ್ ಚಾ ಆದ್ರೂ ಕೊಡಾಕ ಹೇಳ್ರಿ ಅಕಿಗಿ.”

ಪಾರವ್ವ ನಕ್ಕರು. ಆಮೇಲೆ ದನಿ ಬದಲಾಯಿತು, ಪಾತ್ರ ಬಿಟ್ಟು ಹೊರಗೆ ಬಂದರು. “ನಾ ನೆಹರು ನಗರದಾಗ ದವಾಖಾನಿ ನರ್ಸ್ ಅದೀನ್ರಿ ಸರ. ಅಪಘಾತದ ಮಂದಿ ಬರೂ ಕಡೆ ನನ್ನ ಡ್ಯೂಟಿ. ಕಾಲು ಮುರದು ಬಂದಾಂವ ಚಪ್ಲಿ ಎಲ್ಲೆದಾವು ಅಂತ ಕೇಳ್ತಾನ್ರಿ. ಗಂಡನ್ನ ಒಳಗ ಒಯ್ದಿರ್ತೀವಿ, ಹೆಂಡ್ತಿ ಹೊರಗ ಕುಂತು ಚೀಲದಾಗಿನ ಬಟ್ಟಿ ತಗದು ಮತ್ತ ಮಡಚಿ ಘಳಗಿ ಮಾಡ್ತಿರ್ತಾಳ. ನಡುಗೂದು ಆಮ್ಯಾಲೆ ಬರ್ತೈತ್ರಿ. ಒಮ್ಮೊಮ್ಮೆ ಬರೂದೂ ಇಲ್ಲ.”

ನಾನೇನು ಮಾಡಿದೆ ಗೊತ್ತೇ? ಪಾತ್ರ ಬಿಟ್ಟು ಮಾತಾಡಿದ್ದಕ್ಕೆ ಎರಡು ಗುಣ, ಅಂದರೆ ಅಂಕ, ಕಳೆದೆ. ಊರಿಗೆ ಸೇರಲು ಅವರು ಹಾಕಿದ್ದ ಅರ್ಜಿಯಲ್ಲಿ ಅಂಜಿಕೆಯ ಮುಂದೆ ‘ಇನ್ನೂ ಅಭ್ಯಾಸ ಬೇಕು’ ಎಂದು ಬರೆದೆ. “ಆತು ಬಿಡ್ರಿ ಸರ,” ಅಂದರು. ಮುಂದಿನ ರವಿವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ.

ಮಳೆ ಹಿಡಿದ ಮೇಲೆ ಸಹೋದ್ಯೋಗಿಯೊಬ್ಬರ ಮಗಳ ತೊಟ್ಟಿಲು ಕಾರ್ಯಕ್ಕೆಂದು ಕಣಕುಂಬಿಗೆ ಹೋಗಿದ್ದೆ. ಊಟ ಮುಗಿಸಿ ಖಾನಾಪುರದ ಬಸ್ ಹತ್ತಿದೆ. ದಾರಿಯಲ್ಲಿ ಎದುರಿನಿಂದ ಲಾರಿ ಬಂತು; ನಮ್ಮ ಬಸ್ಸು ಎಡಕ್ಕೆ ಸರಿಯಿತು, ಎಡಗಡೆಯ ಮಣ್ಣು ಕುಸಿಯಿತು. ದೊಡ್ಡ ಸದ್ದೇನೂ ಇಲ್ಲ. ಬಸ್ಸು ನಿಧಾನವಾಗಿ ಒಂದು ಬದಿಗೆ ವಾಲಿ ನಿಂತುಬಿಟ್ಟಿತು. ಎಡಗಿಟಕಿಯಲ್ಲಿ ರಸ್ತೆ ಇರಬೇಕಾದಲ್ಲಿ ಹಳ್ಳದ ಕೆಂಪು ನೀರು ಕಂಡಿತು. ಹತ್ತುವ ಬಾಗಿಲು ಹಳ್ಳದ ಕಡೆಗೇ ಇದ್ದುದರಿಂದ ಡ್ರೈವರ್ ತನ್ನ ಬಾಜುವಿನ ಸಣ್ಣ ಬಾಗಿಲು ತೆಗೆದು ಇಳಿದು, ಕೆಳಗೆ ನಿಂತು ಕೈ ಚಾಚಿದ.

“ಒಬ್ಬೊಬ್ಬರ ಬರ್ರಿ. ಓಡಬ್ಯಾಡ್ರಿ, ಗಾಡಿ ಅಳ್ಳಾಡ್ತೈತಿ.”

ಎಲ್ಲರೂ ಶಾಲೆಯ ಮಕ್ಕಳಂತೆ ಸಾಲಾದರು. ನಾನು ಸಾಲಿನ ನಡುವೆ ಇದ್ದೆ. ಕೈಯಲ್ಲಿ ಒದ್ದೆ ಛತ್ರಿ ಅರ್ಧ ಬಿಚ್ಚಿಕೊಂಡಿತ್ತು. ನನ್ನ ಮುಂದಿನವರು ನಡೆದರು, ಜಾಗ ಖಾಲಿಯಾಯಿತು. ನಾನು ನಡೆಯಲಿಲ್ಲ. ಛತ್ರಿಯ ಒಂದೊಂದು ನೆರಿಗೆಯನ್ನೂ ಹಿಡಿದು, ಒತ್ತಿ, ಒಂದರ ಮೇಲೊಂದು ಕೂಡಿಸಿದೆ. ಪಟ್ಟಿ ಸುತ್ತಿದೆ. ಗುಂಡಿ ಕೂಡಲಿಲ್ಲ. ಪೂರಾ ಬಿಚ್ಚಿ ಮತ್ತೆ ಮೊದಲಿನಿಂದ ಮಡಚಿದೆ. ಕೈ ನಡುಗಲಿಲ್ಲ. ತಲೆಯಲ್ಲಿ ಒಂದೇ ವಿಚಾರ, ಈ ನೆರಿಗೆ ಸರಿ ಬರಬೇಕು. ಕಂಡಕ್ಟರ್ ಏನೋ ಕೂಗುತ್ತಿದ್ದ. ಅರ್ಧ ನಿಮಿಷವೋ ಎರಡು ನಿಮಿಷವೋ, ಗುಂಡಿ ಟಪ್ಪೆಂದಿತು, ನಾನು ನಡೆದೆ.

ಕೊನೆಯವರು ಇಳಿದು ಇನ್ನೂ ಹತ್ತು ಹೆಜ್ಜೆ ನಡೆದಿರಲಿಲ್ಲ, ಬಸ್ಸು ಜಾರಿ ಹಳ್ಳಕ್ಕೆ ಅಡ್ಡಬಿತ್ತು. ಆಮೇಲೆ, ನನಗಿಂತ ಮೊದಲೇ ಇಳಿದು ಎಲ್ಲವನ್ನೂ ನೋಡುತ್ತ ನಿಂತಿದ್ದ ಬುಟ್ಟಿಯ ಹೆಂಗಸೊಬ್ಬಳು ನನ್ನ ಕಡೆ ತಿರುಗಿ, “ಛತ್ರಿ ಬರೋಬ್ಬರಿ ಮಡಚೀರಿ ನೋಡ್ರಿ ಸಾಹೇಬರ,” ಅಂದಳು. ಇಬ್ಬರು ನಕ್ಕರು. ನಾನೂ ನಕ್ಕೆನೇನೋ.

ಮರುದಿನ ಗ್ರಂಥಾಲಯದಲ್ಲಿ ಜೊತೆಯವರಿಗೆ ಹೇಳಿದೆ. “ಎಷ್ಟು ಮಂದಿ ಹೋದ್ರು?” ಎಂದು ಕೇಳಿದರು. ಯಾರೂ ಇಲ್ಲ ಅಂದೆ. “ಚಲೋ ಆತು,” ಎಂದು ತಮ್ಮ ಕೆಲಸಕ್ಕೆ ಹೋದರು. ತಪ್ಪು ಅವರದಲ್ಲ, ಯಾರಿಗೂ ಏನೂ ಆಗದ್ದನ್ನು ಎಷ್ಟು ಹೊತ್ತು ಕೇಳುವುದು? ಆಟದ ಊರಿನಲ್ಲಂತೂ ಹೇಳುವ ಹಾಗೇ ಇಲ್ಲ. ಹೊರಗಿನ ಬದುಕನ್ನು ಒಳಗೆ ತರಬಾರದೆಂದು ಕಲಿಸಿದವನು ನಾನೇ. ಎಂಬತ್ತು ತೊಂಬತ್ತು ಜನರ ದನಿ ದಿನಾ ಕೇಳುತ್ತೇನೆ, ಆದರೆ ಅವರಲ್ಲಿ ಒಬ್ಬರ ಫೋನ್ ನಂಬರೂ ನನ್ನ ಹತ್ತಿರ ಇಲ್ಲ. ಖೋಲಿಗೆ ಬಂದು ಒಬ್ಬನೇ ಮನಸ್ಸಿನಲ್ಲಿ ಆ ಬಸ್ಸಿಗೆ ಮತ್ತೆ ಮತ್ತೆ ಹತ್ತುತ್ತಿದ್ದೆ. ಪ್ರತಿ ಸಲವೂ ಅವೇ ನೆರಿಗೆ, ಅದೇ ಗುಂಡಿ, ನನ್ನವೇ ಎರಡು ಕೈ.

ಕೊನೆಗೆ ಕಳೆದ ವಾರ ನನ್ನ ನಿಯಮ ನಾನೇ ಮುರಿದು, ಪಾರವ್ವನ ಹಳೆಯ ಅರ್ಜಿಯ ಕೆಳಗೆ ಬರೆದೆ. ಫೌಜದಾರನಾಗಿ ಅಲ್ಲ, ನಾನಾಗಿ. ನೀವು ಅವತ್ತು ಹೇಳಿದ್ದೇ ಖರೇ, ಗುಣ ಕಳೆದದ್ದು ನನ್ನ ತಪ್ಪು ಎಂದು. ಬಸ್ಸಿನದನ್ನೆಲ್ಲ ಬರೆದೆ. ಇಂಥದನ್ನು ದಿನಾ ನೋಡುವವರು ನೀವು, ಹೇಳಿ, ಅದು ಅಂಜಿಕೆಯೇ ಎಂದೂ ಕೇಳಿದೆ.

ಇವತ್ತು ಮಧ್ಯಾಹ್ನ ಉತ್ತರ ಬಂತು. ಸಮಾಧಾನದ ಮಾತು ಒಂದೂ ಇರಲಿಲ್ಲ. “ನಿಮ್ಮ ಹಿಂದ ಯಾರಿದ್ರು ಸರ?”

ಏಳೆಂಟು ಮಂದಿ ಎಂದು ಬರೆದೆ.

“ಹಂಗಲ್ರಿ. ನಿಮ್ಮ ಬೆನ್ನಿಗಿ ಹತ್ತಿ ನಿಂತಿದ್ದವ್ರು ಯಾರು?”

ತಿಂಗಳಿಡೀ ಆ ಬಸ್ಸಿನಲ್ಲಿದ್ದೆ, ಒಂದು ಸಲವೂ ಹಿಂದೆ ತಿರುಗಿ ನೋಡಿರಲಿಲ್ಲ. ಕಣ್ಣು ಮುಚ್ಚಿ ಕುಳಿತೆ. ಮುಖ ನೆನಪಾಗಲಿಲ್ಲ, ಗಂಡಸೋ ಹೆಂಗಸೋ ಗೊತ್ತಾಗಲಿಲ್ಲ. ಆದರೆ ಒದ್ದೆ ಅಂಗಿಯ ಮೇಲೆ, ಎರಡು ಭುಜಗಳ ನಡುವೆ, ಬೆಚ್ಚಗಿನ ಒಂದು ಅಂಗೈ ಇತ್ತು. ಮೊದಲ ಮಡಿಕೆಯಿಂದ ಗುಂಡಿ ಕೂಡುವ ತನಕ ಇತ್ತು. ಆ ಅಂಗೈಯವರ ಕಾಲ ಕೆಳಗೂ ಬಸ್ಸು ವಾಲುತ್ತಿತ್ತು.

‘ಗೊತ್ತಿಲ್ರಿ. ಬೆನ್ನ ಮ್ಯಾಲೆ ಒಂದು ಕೈ ಇತ್ತು,’ ಎಂದು ಬರೆದೆ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ‘ಅದು ನನ್ನ ಮುಂದಕ್ಕ ದೂಕಲಿಲ್ರಿ.’

ಅವರಿನ್ನೂ ಓದಿಲ್ಲ, ಡ್ಯೂಟಿಯ ಮೇಲಿರಬೇಕು. ನಾನು ಕಾಯುತ್ತ ಕುಳಿತಿದ್ದೇನೆ, ಆ ಕೈ ಇದ್ದ ಬೆನ್ನನ್ನು ಕುರ್ಚಿಗೆ ತಾಗಿಸದೆ.