ಕಂಪನಿ ಮುಚ್ಚಿದ ಮೇಲೂ ಓಡುವ ಕಾರು

ನಮ್ಮ ಎಲೆಕ್ಟ್ರಿಕ್ ಕಾರನ್ನು ತಯಾರಿಸಿದ ಕಂಪನಿ ನಾವು ಕೊಂಡ ಮರುವರ್ಷವೇ ಮುಚ್ಚಿಹೋಯಿತು.

“ಈ ದೇಶದಲ್ಲಿ ಇದೇನು ಹೊಸದಲ್ಲ ಕಣೆ,” ಎಂದರು ನಮ್ಮವರು. “ಕಾರಿಗೆ ಮೂರು ಹೆಡ್‌ಲೈಟ್ ಇಟ್ಟ ಕಂಪನಿಯೋರೂ ಮುಳುಗಿದ್ರು, ಬಾಗಿಲು ರೆಕ್ಕೆ ಥರ ಮೇಲಕ್ಕೇಳೋ ಹಾಗೆ ಮಾಡಿದೋರೂ ಮುಳುಗಿದ್ರು.”

“ಅವರ ಕಾರುಗಳು ಮ್ಯೂಸಿಯಮ್ಮಲ್ಲಿವೆ. ನಾನು ಇದರಲ್ಲಿ ತರಕಾರಿ ತರಬೇಕಲ್ಲ,” ಎಂದೆ.

ನಲವತ್ತು ದಾಟಿದ ಮೇಲೆ ನಾನು ಡ್ರೈವಿಂಗ್ ಕಲಿತದ್ದು ಆ ಕಾರಿನಲ್ಲೇ. ಅದಕ್ಕೂ ಮೊದಲು, ಈ ಪರದೇಶದ ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯಿಂದ ದೇವಸ್ಥಾನಕ್ಕೆ ಹೋಗಬೇಕೆಂದರೂ ಯಾರಾದರೂ ಕರೆದೊಯ್ಯಲೆಂದು ಕಾಯುತ್ತಿದ್ದೆ. ಈಗ ಶನಿವಾರ ನಾನೇ ಹೋಗಿಬರುತ್ತೇನೆ. ಫ್ರೀವೇ ಹತ್ತುವಾಗ ಗುರುರಾಯರನ್ನು ನೆನೆಯುತ್ತೇನೆ, ಇಳಿದ ಮೇಲೂ ಮರೆಯುವುದಿಲ್ಲ.

ಕಳೆದ ಆಯುಧಪೂಜೆಗೆ ಕಾರು ತೊಳೆದು, ಗಂಧ ಕುಂಕುಮ ಹಚ್ಚಿ, ಚಕ್ರಗಳಡಿ ನಿಂಬೆಹಣ್ಣು ಇಟ್ಟೆವು. ಅವುಗಳ ಮೇಲೆ ಹತ್ತಿಸಲು ಕೂತರೆ ಕಾರು ಕದಲಲಿಲ್ಲ. ದೋಷವಿದೆ, ಸರ್ವೀಸಿಗೆ ಕರೆ ಮಾಡಿ ಎಂದು ಪರದೆಯಲ್ಲಿ ಕೆಂಪಕ್ಷರ ಬಂತು. ಕರೆ ಮಾಡಿದರೆ ಎತ್ತುವವರು ಯಾರು? ಮುಚ್ಚಿದ ಕಂಪನಿಯ ಕಾರೆಂದರೆ ಸುತ್ತಲಿನ ಗ್ಯಾರೇಜಿನವರೂ ಒಲ್ಲೆವೆಂದರು.

ವಾರ ಕಳೆಯಿತು. “ಗುಜರಿಯವನು ನಾಳೆ ಬರ್ತಾನೆ. ಇನ್ನೊಂದು ಕಾರು ಕೊಳ್ಳೋದು ಸದ್ಯಕ್ಕೆ ಆಗಲ್ಲ,” ಎಂದರು ನಮ್ಮವರು.

“ಮತ್ತೆ ಯಾರಾದ್ರೂ ಬರ್ಲಿ ಅಂತ ಕಾಯ್ತಾ ಕೂತ್ಕೋಬೇಕಾ ರೀ?”

ಅವರು ಕಾರಿನ ಕಾಗದಪತ್ರ ಹುಡುಕಲು ಎದ್ದರು.

ಬೆಳಿಗ್ಗೆ ಬಿಸಿನೀರು, ಬಟ್ಟೆ ಹಿಡಿದು ಹೊರಗೆ ಹೋದೆ. ಪೂಜೆ ಮಾಡಿದ್ದನ್ನು ಗಂಧ ಕುಂಕುಮದ ಸಮೇತ ಗುಜರಿಗೆ ಕಳಿಸಲು ಮನಸ್ಸು ಒಪ್ಪಲಿಲ್ಲ. ಬಾನೆಟ್ಟು ಒರೆಸಿದೆ. ಮುಂದಿನ ಗಾಜಿನ ಮೇಲ್ಭಾಗ, ನಟ್ಟನಡುವೆ, ಹಣೆಯಂತೆ ಕಂಡ ಜಾಗಕ್ಕೆ ಧಾರಾಳವಾಗಿ ಮೆತ್ತಿದ್ದ ಗಂಧ ಒಣಗಿ ಗಟ್ಟಿಯಾಗಿತ್ತು. ನೆನೆಸಿ ನೆನೆಸಿ ಉಜ್ಜಿ ತೆಗೆದೆ. ಕೊನೆಯದಾಗಿ ಒಮ್ಮೆ ಕೂರೋಣವೆಂದು ಒಳಗೆ ಕೂತೆ. ಪರದೆಯಲ್ಲಿ ಕೆಂಪಕ್ಷರ ಇರಲಿಲ್ಲ. ಗೇರು ಹಾಕಿ ಬ್ರೇಕಿನಿಂದ ಕಾಲು ತೆಗೆದೆ. ವಾರದಿಂದ ಒಣಗಿದ್ದ ನಿಂಬೆಹಣ್ಣುಗಳು ಚಕ್ರದಡಿ ಪಟಪಟನೆ ಒಡೆದವು.

ಸದ್ದಿಗೆ ನಮ್ಮವರೂ ಮಗಳೂ ಓಡಿಬಂದರು. ನಾನು ಉಜ್ಜಿದ ಜಾಗವನ್ನು ಮಗಳು ನೋಡಿದಳು. “ಅಮ್ಮಾ, ದಟ್ಸ್ ದಿ ಕ್ಯಾಮೆರಾ.”

ಕಾರಿನ ಹಣೆಗೆಂದು ಹಚ್ಚಿದ ಗಂಧದಿಂದ ನಾನು ದಾರಿ ನೋಡುವ ಅದರ ಕಣ್ಣನ್ನೇ ಮುಚ್ಚಿದ್ದೆ.

“ಕ್ಯಾಮೆರಾ ಮುಚ್ಚಿದ್ರೆ ಕಾರೇ ನಿಲ್ಲೋದಾ? ಸುಮ್ನೆ ಮುಳುಗ್ತಾ ಕಂಪನಿ,” ಎನ್ನುತ್ತಲೇ ನಮ್ಮವರು ಗುಜರಿಯವನಿಗೆ ಬರಬೇಡವೆಂದು ಫೋನು ಮಾಡಿದರು.

ಇದು ಎಷ್ಟು ದಿನ ಓಡುತ್ತದೋ ಗೊತ್ತಿಲ್ಲ. ಆ ಶನಿವಾರ ದೇವಸ್ಥಾನಕ್ಕೆ ನಾನೇ ಹೋದೆ. ತಂದ ಪ್ರಸಾದದ ಕುಂಕುಮವನ್ನು ಈ ಸಲ ಸ್ಟಿಯರಿಂಗಿಗೆ ಹಚ್ಚಿದೆ.