ಕಂಪನಿಯೊಳಗೆ ಸರಕಾರ ಹುಡುಕಿದ ವೈನಿ

ಮೊನ್ನೆ ಯರಗಟ್ಟಿಯ ಬಸ್ಸಿನಲ್ಲಿ ಯಾರದೋ ಚೀಲದಿಂದ ಬಿತ್ತನೆ ಬೀಜಕ್ಕೆ ಹಚ್ಚುವ ಔಷಧಿಯ ವಾಸನೆ ಬಂತು. ಎಲ್ಲರೂ ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಬೈಲಹೊಂಗಲದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ವೈನಿ ನೆನಪಾದರು; ವೈನಿ ಎಂದರೆ ಅತ್ತಿಗೆ, ಓಣಿಗೆಲ್ಲ ಅವರು ವೈನಿಯೇ... ಅವರ ಸೆರಗಿಗಷ್ಟೇ ಅಲ್ಲ, ಅವರು ಕೊಟ್ಟ ಶೇಂಗಾ ಹೋಳಿಗೆಗೂ ಅದೇ ವಾಸನೆ.

ತೊಂಬತ್ತರ ದಶಕದ ಕೊನೆ. ವೈನಿ ಒಂದು ಖಾಸಗಿ ಬೀಜದ ಕಂಪನಿಯಲ್ಲಿ ಚೀಲ ತುಂಬುತ್ತಿದ್ದರು. ಅಲ್ಲಿ ಗಂಡಸರಿಗೆ ಐವತ್ತೆಂಟಕ್ಕೆ ನಿವೃತ್ತಿ, ಹೆಂಗಸರಿಗೆ ನಲವತ್ತಕ್ಕೆ. ದೀಪಾವಳಿಗೆ ವೈನಿಗೆ ನಲವತ್ತು ತುಂಬುವುದಿತ್ತು.

"ನೀ ಕಾನ್ವೆಂಟ್ ಕಲತಾಕಿ. ಸಂವಿಧಾನದಾಗ ಎಲ್ಲಾರೂ ಸಮ ಅಂತ ಐತೋ ಇಲ್ಲೊ?" ಎಂದರು.

"ಐತ್ರಿ" ಎಂದೆ, ಸಿಸ್ಟರ್ ಮುಂದೆ ಪಾಠ ಒಪ್ಪಿಸಿದ ಹೆಮ್ಮೆಯಲ್ಲಿ. ಇಬ್ಬರೂ ವಕೀಲರ ಮನೆಗೆ ಹೋದೆವು.

ವಕೀಲರು ಚಹಾ ಬಸಿಗೆ ಸುರಿದುಕೊಂಡರು. "ಆ ಕಲಮು ಸರಕಾರಕ್ಕರಿ, ಖಾಸಗಿ ಕಂಪನಿಗಲ್ಲ. ಕಂಪನಿ ಸರಕಾರದ ಹತೋಟಿಯೊಳಗಿದ್ರ ಮಾತ್ರ ಅದಕ್ಕೂ ಹತ್ತತೈತಿ."

ಆ ಕೊನೆಯ ಮಾತು ಹೇಳಬಾರದಿತ್ತು. ಮರುದಿನದಿಂದ ವೈನಿ ಕಂಪನಿಯೊಳಗೆ ಸರಕಾರವನ್ನು ಹುಡುಕತೊಡಗಿದರು. ವಾರ ಕಳೆದು ವಕೀಲರೆದುರು ಬೆರಳು ಮಡಚಿದರು: ಗೋಡೆಗೆ ಗಾಂಧೀಜಿ ಫೋಟೋ, ಆಗಸ್ಟಿನಲ್ಲಿ ಧ್ವಜ, ಗೇಟಿನವನಿಗೆ ಖಾಕಿ. "ಮತ್ತ, ಬಂದ ಪತ್ರ ಎಂಟ್ ದಿನ ಯಾರೂ ಒಡದ ನೋಡೂದಿಲ್ರಿ. ಇನ್ನೆಂಥಾ ಸರಕಾರ ಬೇಕ?"

ವಕೀಲರು ನಕ್ಕ ರಭಸಕ್ಕೆ ಚಹಾ ಧೋತರದ ಮೇಲೆ ಚೆಲ್ಲಿತು. "ಫೋಟೋ ಅಲ್ರಿ ವೈನಿ, ರೊಕ್ಕ ಯಾರದು, ಹುಕುಂ ಯಾರದು ಅಂತ ನೋಡ್ತಾರ."

"ಎರಡೂ ಸಾವಕಾರಂದ." ವೈನಿ ಮೊದಲ ಸಲ ಸಪ್ಪಗಾದರು.

ಅಷ್ಟರಲ್ಲಿ ದಸರೆ ಬಂತು. ಆ ಸಂಜೆ ಬನ್ನಿ ಎಲೆ ಕೊಟ್ಟು ಬಂಗಾರದಂತೆ ಇರೋಣ ಎಂದವರಿಗೆ ನಮ್ಮಲ್ಲಿ ಹಗೆಯವರೂ ಒಲ್ಲೆ ಎನ್ನುವುದಿಲ್ಲ. ವೈನಿ ಕಂಪನಿಯ ಸಾವಕಾರರ ಕಟ್ಟೆ ಹತ್ತಿ, ನೆರೆದ ಮಂದಿಯ ಮುಂದೆಯೇ ಎಲೆ ನೀಡಿದರು. "ಬಂಗಾರದಂಗ ಇರೂಣ್ರಿ ಸಾವಕಾರ್ರ. ನೀವು ಆಫೀಸಿನ್ಯಾಗ, ನಾ ಚೀಲದ ಮುಂದ."

ಬನ್ನಿಗೆ ಚಾಚಿದ ಕೈ ಹಿಂದೆ ತೆಗೆಯುವಂತಿಲ್ಲ. "ಹೂಂ... ಆತು" ಎಂದರು ಸಾವಕಾರರು.

ವೈನಿಯ ಕೆಲಸ ಉಳಿಯಿತು. ಮರುವರ್ಷದ ದಸರೆಗೆ, ನಲವತ್ತಾಗಲಿದ್ದ ಮೂವರು ಗೆಳತಿಯರನ್ನು ಕರೆದುಕೊಂಡು ಬನ್ನಿ ಕೊಡಲು ಮತ್ತೆ ಹೋದರು. ಸಾವಕಾರರು ಬೆಳಿಗ್ಗೆಯೇ ರಾಮದುರ್ಗಕ್ಕೆ, ಮಾವನ ಮನೆಗೆ ಹೋಗಿಬಿಟ್ಟಿದ್ದರು. ಮೂವರ ಕೆಲಸವೂ ಹೋಯಿತು.

"ದಯಾ ಮಾಡಾವ ಊರಿಗೆ ಹೋಗತಾನವಾ," ಎಂದರು ವೈನಿ ನಮ್ಮ ಕಟ್ಟೆಯ ಮೇಲೆ ಕುಳಿತು. "ಕಾಯ್ದೆ ಎಲ್ಲಿಗೆ ಹೋಗತಿತ್ತು?" ಖಾಸಗಿಯವರಿಗೂ ಒಂದು ಕಾಯ್ದೆ ಬೇಕೆಂದು ಸರಕಾರಕ್ಕೆ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡು ಎಂದರು. ನಾಳೆ ಎಂದೆ. ಹಪ್ಪಳವಿತ್ತು, ಮಕ್ಕಳ ಪರೀಕ್ಷೆಯಿತ್ತು, ಆಮೇಲೆ ನಮ್ಮವರಿಗೆ ವರ್ಗವಾಯಿತು...

ವೈನಿ ತೀರಿಕೊಂಡು ಆರು ವರ್ಷ. ಆ ಮೂವರಲ್ಲಿ ಒಬ್ಬರು ಈಚೆಗೆ ಮದುವೆಯೊಂದರಲ್ಲಿ ಸಿಕ್ಕು, ನನ್ನ ಕೈ ಹಿಡಿದುಕೊಂಡು ಕೇಳಿದರು: "ನಿಮ್ಮ ಅರ್ಜಿಗೆ ಸರಕಾರದಿಂದ ಉತ್ತರ ಬಂತೇನ್ರಿ ಅಕ್ಕಾರ?"

ನಾನು ಬರೆದು ಕಳಿಸಿದ್ದೇನೆ ಎಂದೇ ವೈನಿ ಎಲ್ಲರಿಗೂ ಹೇಳಿದ್ದರಂತೆ.