ಬಾಣಂತಿ ಕೋಣೆಗೆ ಬಂದ ಗ್ಯಾಸಿನ ದರ

ಯುಕ್ರೇನಿನಲ್ಲಿ ಯುದ್ಧ ಶುರುವಾದ ವರ್ಷದ ಚಳಿಗಾಲದಲ್ಲಿ ನಾನು ಬಾಣಂತಿ. ಬಾಣಂತನ ಮಾಡಲು ಧಾರವಾಡದಿಂದ ಅವ್ವ ಬಂದಿದ್ದಳು. ಅವಳ ಸೂಟ್‌ಕೇಸುಗಳಲ್ಲಿ ಬಟ್ಟೆಗಿಂತ ಹೆಚ್ಚಾಗಿ ಅಂಟಿನುಂಡಿ, ಅಳವಿ ಬೀಜ, ಬಜೆ, ಹಳೆಯ ಮೆತ್ತನೆಯ ಸೀರೆ ಕತ್ತರಿಸಿ ಹೊಲಿದ ಕುಂಚಿಗೆಗಳು ತುಂಬಿದ್ದವು. ಲಂಡನ್ನಿನ ಉತ್ತರ ತುದಿಯ ಕೊಲಿಂಡೇಲಿನ ನಮ್ಮ ಬಾಡಿಗೆ ಫ್ಲಾಟಿಗೆ ಕಾಲಿಟ್ಟವಳೇ ನೇರ ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿ ಕೈಯೊಡ್ಡಿದಳು.

“ಛಲೋ ಸುಡ್ತಾವ ನೀರು. ಇನ್ನ ಚಿಂತಿಲ್ಲ ಬಿಡು,” ಎಂದಳು.

ಅವಳ ಪಾಲಿಗೆ ಬಾಣಂತನವೆಂದರೆ ಅರ್ಧ ಬಿಸಿನೀರು, ಇನ್ನರ್ಧ ಬೆಚ್ಚಗಿನ ಕೋಣೆ. ಮಿಕ್ಕದ್ದೆಲ್ಲ ಆಮೇಲೆ.

ನಮ್ಮದು ಹೊಸ ಕಟ್ಟಡ. ಹೆಚ್ಚಿನವರು ನಮ್ಮಂತೆಯೇ ಬಾಡಿಗೆಯ ಎಳೆಯ ಜೋಡಿಗಳು. ಫ್ಲಾಟಿನೊಳಗೆ ಬಾಯ್ಲರ್ ಇರಲಿಲ್ಲ, ಗ್ಯಾಸಿನ ಪೈಪೂ ಇರಲಿಲ್ಲ. ಅಡುಗೆಗೆ ಕರೆಂಟಿನ ಒಲೆ. ನೆಲಮಾಳಿಗೆಯಲ್ಲಿ ದೊಡ್ಡ ಬಾಯ್ಲರುಗಳು ಗ್ಯಾಸ್ ಸುಟ್ಟು ನೀರು ಕಾಯಿಸುತ್ತಿದ್ದವು. ಆ ಶಾಖ ಗೋಡೆಯೊಳಗಿನ ಪೈಪುಗಳಲ್ಲಿ ಹರಿದು ಎಲ್ಲ ಮನೆಗಳ ನಲ್ಲಿಗೂ ಕೋಣೆ ಬೆಚ್ಚಗಿಡುವ ರೇಡಿಯೇಟರಿಗೂ ಬರುತ್ತಿತ್ತು. ಮನೆ ತೋರಿಸಿದ ಏಜೆಂಟ್ ಇದನ್ನು ದೊಡ್ಡ ಸೌಲಭ್ಯವೆಂಬಂತೆ ಹೊಗಳಿದ್ದ. ಖರ್ಚು ಕಡಿಮೆ, ಪರಿಸರಕ್ಕೆ ಒಳ್ಳೆಯದು, ನಿಮಗೆ ತಲೆನೋವಿಲ್ಲ ಎಂದಿದ್ದ. ಬೇರೆ ಮನೆಯವರು ದರ ಸರಿಬರದಿದ್ದರೆ ಗ್ಯಾಸ್ ಕಂಪನಿ ಬದಲಾಯಿಸಬಹುದು, ನಾವು ಬದಲಾಯಿಸುವಂತಿಲ್ಲ ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಮಗುವಿಗೆ ತಿಂಗಳು ತುಂಬುವ ಹೊತ್ತಿಗೆ ಲಿಫ್ಟಿನೊಳಗೆ ಒಂದು ನೋಟೀಸು ಅಂಟಿಸಿದರು. ಶಾಖದ ದರ ಏರಿದೆ ಎಂದಿತ್ತು. ಏರಿದೆ ಎಂಬುದು ಅವರ ಸಭ್ಯ ಭಾಷೆ. ಹಿಂದೆ ಕೊಡುತ್ತಿದ್ದದ್ದರ ನಾಲ್ಕು ಪಟ್ಟಿಗೂ ಮೇಲೆ ಹೋಗಿತ್ತು. ಸರ್ಕಾರ ಮನೆಗಳಿಗೆ ಗ್ಯಾಸಿನ ದರದ ಮಿತಿ ಹಾಕಿದೆ ಎಂದು ಟಿವಿಯಲ್ಲಿ ದಿನವೂ ಹೇಳುತ್ತಿದ್ದರು. ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ಕಟ್ಟಡ ನೋಡಿಕೊಳ್ಳುವ ಕಂಪನಿಗೆ ಫೋನ್ ಮಾಡಿದೆ. ಆ ಮಿತಿ ನಿಮಗೆ ಅನ್ವಯಿಸುವುದಿಲ್ಲ ಎಂದು ಅತ್ತ ಕಡೆಯ ಹೆಣ್ಣುಮಗಳು ಬಹಳ ನಯವಾಗಿ ವಿವರಿಸಿದಳು. ಗ್ಯಾಸ್ ಕೊಳ್ಳುವವರು ನೀವಲ್ಲ, ನಾವು. ನಾವು ವ್ಯಾಪಾರಿ ಗಿರಾಕಿ. ನಿಮಗೆ ನಾವು ಮಾರುವುದು ಗ್ಯಾಸಲ್ಲ, ಶಾಖ ಎಂದಳು. ಅಂದರೆ ಚಳಿಯಲ್ಲಿ ನಡುಗುವಾಗ ನಾವು ಮನೆಯವರು, ಬೆಲೆ ಕಟ್ಟುವಾಗ ವ್ಯಾಪಾರ. ಫೋನನ್ನು ಸೋಫಾದ ಮೇಲೆ ಎಸೆದೆ. ನೆಲಕ್ಕೆ ಎಸೆಯುವಷ್ಟು ಸಿಟ್ಟಿತ್ತು, ಅನುಕೂಲವಿರಲಿಲ್ಲ.

ಅಂದು ಸಂಜೆ ನನಗೂ ನನ್ನ ಗಂಡನಿಗೂ ಮಾತಿಗೆ ಮಾತು ಬೆಳೆಯಿತು. ಅವನು ಮೈಸೂರಿನವನು, ಸರ್ಕಾರಿ ಆಸ್ಪತ್ರೆಯಲ್ಲಿ ಕಿರಿಯ ಡಾಕ್ಟರು. ದನಿ ಏರಿಸುವುದು ಅವನಿಗೆ ಗೊತ್ತಿಲ್ಲ. ಅವ್ವನಿಗೆ ತಿಳಿಯಬಾರದೆಂದು ಇಂಗ್ಲಿಷಿನಲ್ಲೇ ಜಗಳವಾಡಿದೆವು. ಮಗು ಮಲಗುವ ಕೋಣೆ ಮಾತ್ರ ಬೆಚ್ಚಗಿಡೋಣ, ಹಾಲ್ ಬೇಡ ಎಂದ ಅವನು. ಅವ್ವನ ಕೋಣೆಯೂ ಬೇಕು ಎಂದೆ ನಾನು. ಖಂಡಿತ ಬೇಕು, ಅದನ್ನು ಯಾರು ಬೇಡ ಅಂದರು ಎಂದ. ನನ್ನ ಸಂಬಳ ನಿಂತು ಹೆರಿಗೆ ರಜೆಯ ಅಲ್ಪ ಭತ್ಯೆ ಮಾತ್ರ ಬರುತ್ತಿದ್ದ ಕಾಲ. ಅವ್ವ ಅಡುಗೆಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದಳು. ಒಮ್ಮೆಯೂ ತಿರುಗಿ ನೋಡಲಿಲ್ಲ.

ಸಂಕ್ರಾಂತಿಗೆ ಹತ್ತಿರದ ಎಜ್‌ವೇರಿನಲ್ಲಿ ಗಂಡನ ಹಿರಿಯ ಸಹೋದ್ಯೋಗಿಯೊಬ್ಬರು ಊಟಕ್ಕೆ ಕರೆದರು. ಅವರೂ ಮೈಸೂರಿನ ಕಡೆಯವರು. ದೊಡ್ಡ ಸ್ವಂತ ಮನೆ, ಹೊರಗೆ ಮಂಜು, ಒಳಗೆ ನಮ್ಮೂರಿನ ಬೇಸಿಗೆ. ಎಳ್ಳುಬೆಲ್ಲ ಹಂಚಿ, ಊಟವಾಗಿ, ಮಾತು ಗ್ಯಾಸಿನ ಕಡೆ ತಿರುಗಿತು. ಆ ವರ್ಷ ಲಂಡನ್ನಿನಲ್ಲಿ ಯಾರ ಮಾತೂ ಬೇರೆ ಕಡೆ ತಿರುಗುತ್ತಿರಲಿಲ್ಲ. ನಮ್ಮ ಕಟ್ಟಡದ ಕಥೆ ಹೇಳಿದೆ.

“ಸ್ವಲ್ಪ ತ್ಯಾಗ ಮಾಡ್ಬೇಕಮ್ಮ,” ಎಂದರು ಮನೆಯ ಯಜಮಾನರು. “ಇಡೀ ಯುರೋಪು ರಷ್ಯಾದ ಪೈಪಿಗೆ ಜೋತುಬಿದ್ದಿತ್ತು. ಈಗ ಬಿಡಿಸ್ಕೊಳ್ಬೇಕು ಅಂದ್ರೆ ಎಲ್ರೂ ಒಂದಿಷ್ಟು ಕಷ್ಟಪಡ್ಬೇಕು. ಇನ್ನೊಂದು ಸ್ವೆಟರ್ ಹಾಕ್ಕೊಂಡ್ರೆ ಆಯ್ತಪ್ಪ!”

ಅವರು ತೋಳಿಲ್ಲದ ಬನಿಯನ್ನಿನ ಮೇಲೊಂದು ತೆಳ್ಳನೆಯ ಅರ್ಧತೋಳಿನ ಶರಟು ಹಾಕಿಕೊಂಡಿದ್ದರು.

“ನೀವು ಮೊದಲನೇದೂ ಹಾಕ್ಕೊಂಡಿಲ್ವಲ್ಲ ಸಾರ್,” ಎಂದೆ.

ಒಂದಿಬ್ಬರು ನಕ್ಕರು. ನನ್ನ ಗಂಡ ಕಾಫಿ ಲೋಟದೊಳಗೆ ನೋಡತೊಡಗಿದ. ನನಗೆ ನಾಚಿಕೆಯಾಗಲಿಲ್ಲ. ತ್ಯಾಗದ ಮಾತು ಆಡುವವರೆಲ್ಲ ಆ ವರ್ಷ ಬೆಚ್ಚಗಿನ ಮನೆಗಳಲ್ಲೇ ಕೂತಿದ್ದರು.

ಅವ್ವ ಎಲ್ಲಿ ಎಂದು ನೋಡಿದರೆ ಹಾಲಿನ ಮೂಲೆಯಲ್ಲಿ, ರೇಡಿಯೇಟರಿಗೆ ಬೆನ್ನು ಆನಿಸಿ, ನೆಲದ ಮೇಲೆ ಕೂತು ನಿದ್ದೆಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಅಷ್ಟು ಗದ್ದಲದಲ್ಲಿ, ಪರರ ಮನೆಯಲ್ಲಿ, ನೆಲದ ಮೇಲೆ ನಿದ್ದೆಹೋಗುವ ಹೆಂಗಸಲ್ಲ ನಮ್ಮವ್ವ. ಕೈ ಹಿಡಿದು ಎಬ್ಬಿಸಿದರೆ ಎಚ್ಚರವಾಗಲು ಇಷ್ಟವಿಲ್ಲದ ಮಗುವಿನ ಹಾಗೆ ಮುಖ ಸಿಂಡರಿಸಿದಳು.

ಮನೆಗೆ ಬಂದವಳೇ ಅವಳ ಕೋಣೆಗೆ ಹೋದೆ. ಬಾಗಿಲು ತೆಗೆದರೆ ಒಳಗಿನ ಗಾಳಿ ಮುಖಕ್ಕೆ ತಣ್ಣೀರು ಎರಚಿದಂತಿತ್ತು. ರೇಡಿಯೇಟರಿನ ತಿರುಪು ಪೂರ್ತಿ ಮುಚ್ಚಿತ್ತು. ಕಿಟಕಿಯ ಒಳಮೈಯಲ್ಲಿ ನೀರು ಇಳಿದು ಚೌಕಟ್ಟಿಗೆ ಕಪ್ಪು ಬೂಷ್ಟು ಹಿಡಿದಿತ್ತು.

“ಅವ್ವಾ, ಇದನ್ನ ಯಾರು ಬಂದ್ ಮಾಡ್ಯಾರ?”

“ನಾನ. ನನಗೇನು ಥಂಡಿ ಹತ್ತೂದಿಲ್ಲವಾ. ಕೌದಿ ಅದಾವಲ್ಲ.”

“ಯಾವಾಗಿಂದ?”

“ನೀವಿಬ್ರೂ ಅವತ್ತ ಇಂಗ್ಲೀಷಿನ್ಯಾಗ ಜಗಳಾಡಿದ್ರೆಲ್ಲ, ಅವತ್ತಿಂದ. ಜಗಳದ ಭಾಷಾ ಯಾವುದಾದ್ರೇನು, ತಿಳೀತದ.” ಶಾಲು ಬಿಗಿಮಾಡಿಕೊಂಡು ಮುಂದುವರಿಸಿದಳು: “ಅಲ್ಲಾ, ಮನ್ಯಾಗ ಗ್ಯಾಸ ಇಲ್ಲ. ಇಲ್ಲದ ಗ್ಯಾಸಿಗೆ ಅವರು ಅಷ್ಟು ರೊಕ್ಕ ಹೆಂಗ ಕೇಳ್ತಾರ? ನನಗಂತೂ ಕೊಡೂ ಮನಸಿಲ್ಲ.”

ನನಗೂ ಮಗುವಿಗೂ ದಿನಾ ಕೊಡಗಟ್ಟಲೆ ಸುಡುಸುಡು ನೀರು ಎರೆಯುತ್ತಿದ್ದವಳು ತಾನು ಮಾತ್ರ ತಣ್ಣೀರಿನಲ್ಲಿ ಮೈ ತೊಳೆದುಕೊಳ್ಳುತ್ತಿದ್ದಳೆಂದು ಆಗ ಗೊತ್ತಾಯಿತು. ನಾನು ಕಿರುಚಾಡಿದೆ. ಮಗು ಎದ್ದು ಅಳತೊಡಗಿತು. ಅವ್ವ ಮಗುವನ್ನು ಎತ್ತಿಕೊಳ್ಳಲು ಬಗ್ಗಿದವಳು ಕೆಮ್ಮತೊಡಗಿ, ಕೆಮ್ಮು ನಿಲ್ಲದೆ ಮಂಚದ ಅಂಚಿಗೆ ಕೂತುಬಿಟ್ಟಳು.

“ಅತ್ತೆ, ಸ್ವಲ್ಪ ಉಸಿರು ಎಳ್ಕೊಳ್ಳಿ. ಇನ್ನೊಂದ್ಸಲ,” ಎನ್ನುತ್ತ ನನ್ನ ಗಂಡ ಅವಳ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟ. ಬಲಗಡೆ ಕೆಳಗೆ ಇಟ್ಟು ಅಲ್ಲೇ ನಿಲ್ಲಿಸಿದ. ಅವನ ಮುಖ ಆಸ್ಪತ್ರೆಯ ಮುಖವಾಯಿತು. “ಬಟ್ಟೆ ಹಾಕ್ಕೊಳ್ಳಿ, ಹೊರಡೋಣ,” ಎಂದ.

ನ್ಯುಮೋನಿಯಾ. ಕೆಲವು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಉಸಿರಿಗೆ ಆಕ್ಸಿಜನ್ ನಳಿಗೆ, ಕೈಗೆ ಸೂಜಿ. ನಾನು ಮಗುವನ್ನು ಎದೆಗೆ ಕಟ್ಟಿಕೊಂಡು ಹೋಗಿ ಕೂರುತ್ತಿದ್ದೆ. ಅವ್ವನ ಮೊದಲ ಮಾತು, “ಇಲ್ಲಿ ಛಲೋ ಬೆಚ್ಚಗದ” ಎಂದು. ಬಾಣಂತನಕ್ಕೆ ಬಂದವಳಿಗೆ ನಾನೇ ಬಾಣಂತನ ಮಾಡಬೇಕಾಯಿತು. ಮನೆಗೆ ಕರೆತಂದ ಮೇಲೆ ಎಲ್ಲ ರೇಡಿಯೇಟರುಗಳನ್ನೂ ಪೂರ್ತಿ ತಿರುಗಿಸಿದೆ. ಎಷ್ಟು ಬಿಲ್ಲು ಬರುವುದೋ ಬರಲಿ ಎಂದುಕೊಂಡೆ. ಬಂತು ಕೂಡ.

ಅದೇ ವಾರ ಕೆಳಗಿನ ಸಭಾಕೋಣೆಯಲ್ಲಿ ಕಂಪನಿ ಬಾಡಿಗೆದಾರರ ಸಭೆ ಕರೆಯಿತು. ನನ್ನ ಪಕ್ಕ ಬಂದು ಕೂತವಳು ನಮ್ಮ ಎದುರು ಫ್ಲಾಟಿನಾಕೆ. ಢಾಕಾದವಳು, ಹತ್ತಿರದ ಶಾಲೆಯಲ್ಲಿ ಗಣಿತದ ಟೀಚರು. ಲಿಫ್ಟಿನಲ್ಲಿ ನಕ್ಕು ಮಾತಾಡಿದ್ದಷ್ಟೇ ಪರಿಚಯ. ಕಂಪನಿಯಿಂದ ಬಂದವನು ಒಳ್ಳೆಯ ಉಣ್ಣೆ ಕೋಟು ತೊಟ್ಟ ಯುವಕ. ಗೋಡೆಯ ಮೇಲೆ ಯುರೋಪಿನ ನಕ್ಷೆ ತೋರಿಸಿದ. ಅದರ ತುಂಬ ಕೆಂಪು ಗೆರೆಯ ಪೈಪುಗಳು. ರಷ್ಯಾದ ಗ್ಯಾಸ್ ನಿಂತಿತು, ಜರ್ಮನಿಯಿಂದ ಹಿಡಿದು ಎಲ್ಲರೂ ದ್ರವ ಮಾಡಿ ಹಡಗಿನಲ್ಲಿ ತರುವ ಗ್ಯಾಸಿಗೆ ಮುಗಿಬಿದ್ದರು. ಬ್ರಿಟನ್ನಿನ ಸಮುದ್ರದಲ್ಲೇ ಗ್ಯಾಸ್ ಇದ್ದರೂ, ನಾರ್ವೆಯಿಂದ ಪೈಪಿನಲ್ಲಿ ಬಂದರೂ, ಬೆಲೆ ಮಾತ್ರ ಇಡೀ ಖಂಡದ ಮಾರುಕಟ್ಟೆಯದು. ಕೂಡಿಡಲು ನಮ್ಮಲ್ಲಿ ಉಗ್ರಾಣವೂ ಸಾಲದು. “ಇದು ಇಡೀ ಖಂಡದ ಸಮಸ್ಯೆ, ನಾವೂ ನಿಮ್ಮ ಹಾಗೇ ಬಲಿಪಶುಗಳು,” ಎಂದು ಮತ್ತೆ ಮತ್ತೆ ಹೇಳಿದ. ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ನನ್ನ ಸಿಟ್ಟು ಇನ್ನೂ ಏರಿದ್ದು ಅದಕ್ಕೇ. ಸುಳ್ಳಾದರೆ ಹಿಡಿದು ಜಗ್ಗಬಹುದು. ನಕ್ಷೆಯನ್ನು ಹಿಡಿದು ಜಗ್ಗುವುದು ಹೇಗೆ?

ಎದುರು ಮನೆಯಾಕೆ ಕೈ ಎತ್ತಿದಳು. “ಬಾಂಗ್ಲಾದೇಶದಲ್ಲಿ ನಮ್ಮಮ್ಮನ ಮನೇಲಿ ದಿನಾ ಕರೆಂಟ್ ಹೋಗ್ತಿದೆ. ಗ್ಯಾಸ್ ಇಲ್ಲ ಅಂತ ವಿದ್ಯುತ್ ಕೇಂದ್ರ ನಿಲ್ಲಿಸ್ತಾರೆ. ಯುರೋಪಿನವರು ಹೆಚ್ಚು ಬೆಲೆ ಕೊಡ್ತಾರೆ ಅಂತ ಹಡಗುಗಳೆಲ್ಲ ಈ ಕಡೆ ಬಂದವು. ಸರಿ. ಇಲ್ಲಿ ನಾನು ಹೀಟಿಂಗ್ ಹಾಕೋಕೆ ಹೆದರಿ ಕೋಟು ಹಾಕ್ಕೊಂಡು ಮಲಗ್ತೀನಿ. ಹಾಗಾದ್ರೆ ಆ ಗ್ಯಾಸ್ ಸುಟ್ಟೋರು ಯಾರು?”

ಅವನು ಮತ್ತೆ ನಕ್ಷೆಯ ಕಡೆ ತಿರುಗಿದ. ಅವಳು ಬಿಡಲಿಲ್ಲ. “ನೀವು ಈ ಕಟ್ಟಡಕ್ಕೆ ಗ್ಯಾಸ್ ಕೊಂಡಿದ್ದು ಯಾವಾಗ?”

“ಆಗಸ್ಟ್ ಕೊನೆಯಲ್ಲಿ.”

“ಬೆಲೆ ಎಲ್ಲಕ್ಕಿಂತ ಮೇಲಿದ್ದಾಗ. ಹಳೇ ಒಪ್ಪಂದ ಮುಗಿಯುತ್ತೆ ಅಂತ ಯಾವಾಗ ಗೊತ್ತಿತ್ತು?”

“ವಸಂತದಲ್ಲೇ. ಬೆಲೆ ಇಳಿಯಬಹುದು ಅಂತ ಕಾದೆವು.”

“ಎಷ್ಟು ಕಾಲಕ್ಕೆ ಕೊಂಡ್ರಿ?”

ಅವನು ಕಾಗದಗಳನ್ನು ಜೋಡಿಸಿಕೊಳ್ಳುತ್ತ, “ಎರಡು ವರ್ಷಕ್ಕೆ,” ಎಂದ.

ನಾನು ಎದ್ದು ನಿಂತೆ. ಮಗು ಎದೆಯ ಮೇಲೆ ಮಲಗಿತ್ತು. “ಅಂದರೆ ನೀವು ಜೂಜಾಡಿ ಸೋತಿರಿ. ಖಂಡದ ಬೆಲೆ ಏರಿದಾಗ ನಮ್ಮದೂ ಏರಿತು. ನಾಳೆ ಅದು ಇಳಿದರೂ ನಮ್ಮದು ಇಳಿಯೋದಿಲ್ಲ. ಇದು ಖಂಡದ ಸಮಸ್ಯೆ ಅಲ್ಲ, ನಿಮ್ಮ ಕೆಲಸ. ನನ್ನ ತಾಯಿ ನ್ಯುಮೋನಿಯಾ ಆಗಿ ಮಲಗಿದ್ದಾರೆ. ಅವರಿಗೆ ಈ ನಕ್ಷೆ ತೋರಿಸ್ತೀರಾ?” ದನಿ ನಡುಗುತ್ತಿತ್ತು. ನಡುಗುತ್ತಿದೆಯೆಂಬ ಸಿಟ್ಟಿಗೆ ಇನ್ನಷ್ಟು ಜೋರಾಗಿ ಕೂಗಿದೆ. ಅವನು ನಿಮ್ಮ ಭಾವನೆ ಅರ್ಥವಾಗುತ್ತದೆ ಎಂದ. ಹಿಂದಿನ ಸಾಲಿನಿಂದ ಯಾರೋ ಹುಡುಗರು ಬೈದರು. ಸಭೆ ಮುಗಿಯಿತು.

ಫೆಬ್ರುವರಿಯಲ್ಲಿ ನಾವು ಹತ್ತಾರು ಜನ ಟ್ಯೂಬ್ ರೈಲು ಹತ್ತಿ ನಗರದ ನಡುವಿನ ಕಂಪನಿಯ ಕಚೇರಿಗೇ ಹೋದೆವು. ಇಂಥ ಕಟ್ಟಡಗಳಿಗೆಂದು ಸರ್ಕಾರ ಕೊಟ್ಟಿದ್ದ ರಿಯಾಯಿತಿಯನ್ನು ಕಂಪನಿ ಇನ್ನೂ ನಮ್ಮ ಬಿಲ್ಲಿಗೆ ಇಳಿಸಿರಲಿಲ್ಲ. ಅವ್ವ ಚೇತರಿಸಿಕೊಂಡಿದ್ದಳು, ನಾನೂ ಬರ್ತೀನಿ ಎಂದು ಹಠ ಹಿಡಿದಳು. ಡಾಕ್ಟರ್ ಅಳಿಯ ಬೇಡವೆಂದರೂ ಕೇಳಲಿಲ್ಲ. ಸೀರೆಯ ಮೇಲೆ ನನ್ನ ಉದ್ದನೆಯ ಕೋಟು ಹಾಕಿಕೊಂಡು ಹೊರಟಳು.

ಕಚೇರಿಯ ಸ್ವಾಗತಕೋಣೆಯಲ್ಲಿ ಕೆಲಸದವರು ಅಂಗಿಯ ತೋಳು ಮಡಚಿಕೊಂಡು ಓಡಾಡುತ್ತಿದ್ದರು. ಹೀಟಿಂಗ್ ಎಷ್ಟಿತ್ತೆಂದರೆ ಸೆಕೆಯಾಗಿ ಕಿಟಕಿ ತೆರೆದಿಟ್ಟಿದ್ದರು. ಒಳಗಿನ ಬಿಸಿ ಹೊರಗಿನ ಚಳಿಗೆ ಧಾರಾಳವಾಗಿ ಹರಿದುಹೋಗುತ್ತಿತ್ತು. ಎದುರು ಮನೆಯಾಕೆ ಹೋಗಿ ಆ ಕಿಟಕಿಯನ್ನು ಪಟಾರನೆ ಮುಚ್ಚಿ, ಅದಕ್ಕೆ ಬೆನ್ನುಕೊಟ್ಟು ನಿಂತಳು. ಅವ್ವ ಅಲ್ಲಿಯ ಮೆತ್ತನೆಯ ಕುರ್ಚಿಯಲ್ಲಿ ಕೂತು, ಮಗುವನ್ನು ಮಡಿಲಿಗೆ ಹಾಕಿಕೊಂಡು, “ಸಾವಕಾಶ ಮಾತಾಡ್ರಿ, ನಮಗೇನು ಅವಸರಿಲ್ಲ,” ಎಂದಳು.

ಸೆಕ್ಯುರಿಟಿಯವನು ಬಂದ. ಕೂಸನ್ನೂ ಮುದುಕಿಯನ್ನೂ ನೋಡಿ ವಾಪಸ್ ಹೋದ. ಕೊನೆಗೆ ಉಣ್ಣೆ ಕೋಟಿನ ಯುವಕ, ಈ ಸಲ ಕೋಟಿಲ್ಲದೆ, ತನ್ನ ಮೇಲಿನ ಅಧಿಕಾರಿಯನ್ನು ಕರೆದುಕೊಂಡು ಇಳಿದುಬಂದ. ರಿಯಾಯಿತಿ ಇಳಿಸುತ್ತೇವೆಂದು ಬರೆದುಕೊಡದೆ ಏಳುವುದಿಲ್ಲ ಎಂದೆವು. ಬರೆದುಕೊಟ್ಟರು.

ದರ ಕಡಿಮೆಯಾಯಿತು, ಸ್ವಲ್ಪ. ಎರಡು ವರ್ಷದ ಒಪ್ಪಂದವನ್ನು ಮಾತ್ರ ಮುರಿಯಲಾಗಲಿಲ್ಲ. ನಾನು ಹೇಳಿದಂತೆಯೇ, ಬೇಸಿಗೆಯಲ್ಲಿ ಖಂಡದ ಬೆಲೆ ಇಳಿದಾಗ ನಮ್ಮದು ಅಲ್ಲೇ ನಿಂತಿತ್ತು. ಅವ್ವ ಅಷ್ಟರಲ್ಲಿ ಊರಿಗೆ ಹೋಗಿಯಾಗಿತ್ತು. ಈಗಲೂ ಮೆಟ್ಟಿಲು ಹತ್ತಿದರೆ ಅವಳಿಗೆ ಏದುಸಿರು ಬರುತ್ತದೆ, ವಯಸ್ಸಾತಲ್ಲವಾ ಅನ್ನುತ್ತಾಳೆ. ವಯಸ್ಸಲ್ಲವೆಂದು ನನಗೆ ಗೊತ್ತು. ನಾವು ಮರುವರ್ಷ ದಕ್ಷಿಣ ಲಂಡನ್ನಿನ ಟೂಟಿಂಗಿನ ಹಳೆಯ ಮನೆಯೊಂದಕ್ಕೆ ಬಾಡಿಗೆಗೆ ಬಂದೆವು. ಕಿಟಕಿಗಳು ಗಾಳಿಗೆ ಬಡಿದುಕೊಳ್ಳುತ್ತವೆ, ಆದರೆ ಅಡುಗೆಮನೆಯ ಗೋಡೆಯ ಮೇಲೆ ನಮ್ಮದೇ ಬಾಯ್ಲರ್ ಇದೆ.

ಎದುರು ಮನೆಯಾಕೆ ಇನ್ನೂ ಅಲ್ಲೇ ಇದ್ದಾಳೆ. ಆ ಎರಡು ವರ್ಷ ಹೆಚ್ಚಾಗಿ ವಸೂಲು ಮಾಡಿದ ಹಣಕ್ಕಾಗಿ ಕಂಪನಿಯ ಜೊತೆಗಿನ ಆಕೆಯ ಹೋರಾಟವೂ ನಡೆದಿದೆ. ಬಾಡಿಗೆದಾರರ ಸಭೆಗೆ ನಾನು ಈಗಲೂ ಉತ್ತರದ ಆ ತುದಿಯವರೆಗೆ ಟ್ಯೂಬಿನಲ್ಲಿ ಹೋಗುತ್ತೇನೆ. ನಾವೀಗ ಅಲ್ಲಿಲ್ವಲ್ಲ, ಬೆಲೆಯೂ ಸರಿಹೋಯ್ತಲ್ಲ, ಇನ್ನೂ ಯಾಕೆ ಅಲೀತೀಯ ಎಂದು ನನ್ನ ಗಂಡ ಒಮ್ಮೆ ಕೇಳಿದ. ನಾನು ಚಪ್ಪಲಿ ಮೆಟ್ಟಿಕೊಂಡು, ಮಗುವಿನ ಊಟ ಫ್ರಿಜ್ಜಿನಲ್ಲಿದೆ ಎಂದು ಹೇಳಿ ಹೊರಟೆ.